ಮೂರನೇ ನಂಬರಿನ ಕಾಟಾ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಬೆಳಗಿನ ಆರೂಕಾಲು.
ಹಿತ್ತಾಳೆ ಕಲ್ಲುಗಳ ಪೆಟ್ಟಿಗೆ ತೆರೆದು
ಮೂರನೇ ನಂಬರಿನ ಕಾಟಾ ಪರೀಕ್ಷಿಸುತ್ತಿದ್ದೆ.
ದಿಬ್ಬೂರಹಳ್ಳಿಯ ಮುನಿನಂಜಮ್ಮ ಕ್ರೇಟಿನ ಅಂಚಿಗೆ ಕೈಯೂರಿ,
"ಪೌರ್ಣಮಿ ದಿನ ನಮ್ ಗೂಡು ತೂಕಕ್ಕೆ ಬರಲ್ಲ ಮೇಡಂ.
ಚಂದ್ರ ಎಳ್ಕೋತಾನೆ. ಸಮುದ್ರಾನೇ ಎಳ್ಯೋನು
ನನ್ ಗೂಡು ಬಿಡ್ತಾನಾ?"

ನಗಬಹುದಿತ್ತು. ನಗಲಿಲ್ಲ.
ಪಡುವಣದ ಶೀಟಿನ ಮೇಲೆ ಅವನು ಇನ್ನೂ ಇದ್ದ,
ಯಾರೂ ಹರಾಜು ಕೂಗದೆ ಬಿಟ್ಟ ಬಿಳಿ ಗೂಡು.

ರಸೀದಿ ಪುಸ್ತಕದ ಹಾಳೆ ಮಗುಚಿ ಬರೆದೆ:
ಆರು ಬಿಂದು ಆರು ಏಳು, ಹತ್ತರ ಘಾತ ಋಣ ಹನ್ನೊಂದು.
ಚಂದ್ರನ ರಾಶಿ, ಏಳರ ಮುಂದೆ ಇಪ್ಪತ್ತೆರಡು ಸೊನ್ನೆ, ಮೇಲೆ ಚಿಲ್ಲರೆ.
ದೂರ ಮೂರು ಲಕ್ಷ ಎಂಬತ್ತನಾಲ್ಕು ಸಾವಿರ ಕಿಲೋಮೀಟರು;
ಅದನ್ನು ಅದರಿಂದಲೇ ಗುಣಿಸಿ ಭಾಗಿಸಿದರೆ
ನೂರು ಕೆಜಿಗೆ ಒಂದು ಗ್ರಾಮಿನ ಮೂರನೇ ಒಂದು.

ಹೇಳಲು ತೆರೆದ ಬಾಯಿ ಮುಚ್ಚಿದೆ.
ಗೂಡನ್ನಷ್ಟೇ ಎಳೆಯುತ್ತಾನೆಯೇ ಅವನು?
ಈ ಕಾಟಾ, ಕೆಳಗಿನ ಕಡಪ ಕಲ್ಲು,
ಅದರಡಿಯ ಶಿಡ್ಲಘಟ್ಟ, ನಾನು, ಅವಳ ಹವಾಯಿ ಚಪ್ಪಲಿ,
ಭೂಮಿಗೆ ಭೂಮಿಯೇ ಅವನತ್ತ ಬೀಳುತ್ತಿದೆ.
ಜೊತೆಯಲ್ಲೇ ಬೀಳುವವರಿಗೆ ಯಾವುದು ಹಗುರ, ಯಾವುದು ಭಾರ?
ಉಳಿಯುವುದು ಸೆಳೆತವಲ್ಲ, ಸೆಳೆತದ ವ್ಯತ್ಯಾಸ,
ಭೂಮಿಯ ನಡುವನ್ನು ಎಳೆದದ್ದಕ್ಕೂ ಮೈಯನ್ನು ಎಳೆದದ್ದಕ್ಕೂ.

ಇಲ್ಲಿಂದ ಚಂದ್ರನವರೆಗೆ ಭೂಮಿಗಳನ್ನು ಸಾಲಾಗಿಟ್ಟರೆ ಮೂವತ್ತು.
ಹಾಗಾಗಿ ಮೂವತ್ತರಲ್ಲಿ ಒಂದು ಪಾಲು. ಹನ್ನೊಂದು ಮಿಲಿಗ್ರಾಂ.
ಅದೂ ಅವನು ನೆತ್ತಿಗೆ ಬಂದಾಗ, ನಡುರಾತ್ರಿ,
ಮಾರುಕಟ್ಟೆಗೆ ಬೀಗ ಬಿದ್ದು ನಾಯಿಗಳು ಮಲಗಿರುವಾಗ.

ಈಗ ಅಂಚಿನಲ್ಲಿದ್ದಾನೆ.
ಅಂಚಿನಲ್ಲಿರುವವನು ಎತ್ತುವುದಿಲ್ಲ, ಒತ್ತುತ್ತಾನೆ.

"ಐದೂವರೆ ಮಿಲಿಗ್ರಾಂ ಹೆಚ್ಚೇ ಬರಬೇಕಮ್ಮ, ಈ ಹೊತ್ತಲ್ಲಿ."
"ಅಂದ್ರೆ ಎಷ್ಟು?"
"ರೇಷ್ಮೆ ಹುಳದ ಮೊಟ್ಟೆ, ಹತ್ತೋ ಹನ್ನೊಂದೋ."
ಅವಳು ತೋರುಬೆರಳಿನ ತುದಿ ನೋಡಿಕೊಂಡಳು,
ಎಣಿಸುವವಳ ಹಾಗೆ.
"ಹಂಗಾದ್ರೆ ನನ್ನ ಒಂದೂವರೆ ಕೆಜಿ?"

ಐವತ್ತು ಗ್ರಾಮಿಗಿಂತ ಸಣ್ಣದು ಈ ಕಾಟಾಕ್ಕೆ ಕಾಣದು, ಆದರೆ
ಕಲ್ಲಿಟ್ಟು ನೋಡಿದ್ದೇನೆ, ಸುಳ್ಳು ಹೇಳುತ್ತಿಲ್ಲ.
ನಿನ್ನೆ ಮಧ್ಯಾಹ್ನ ಮನೆಯಲ್ಲಿ ತೂಗಿದ ಗೂಡು.
ರಾತ್ರಿಯಿಡೀ ಟೆಂಪೋದಲ್ಲಿ, ಒಂದೊಂದರ ಒಳಗೂ
ಹುಳ ಉಸಿರಾಡಿದೆ.
ಉಸಿರಿಗೂ ತೂಕವಿದೆ ಎಂದೆ.

ಅವಳು ತುಸು ಹೊತ್ತು ಸುಮ್ಮನಿದ್ದಳು.
"ಚಂದ್ರನ ಮ್ಯಾಲಾದ್ರೆ ದೂರು ಕೊಡಬೋದಿತ್ತು.
ಹುಳ ನಂದೇ ಅಲ್ವಾ."

ರೀಲರ್ ಇಮ್ದಾದ್ ಅವಳ ಲಾಟಿನಲ್ಲಿ ಕೈಯಾಡಿಸಿ
ಒಂದು ಗೂಡನ್ನು ಕಿವಿಯ ಬಳಿ ಕುಲುಕಿದ.
ಕಾಟಾಕ್ಕೆ ಸೀಲು ಒತ್ತಿದೆ.
ಲೆಕ್ಕದ ಹಾಳೆಯನ್ನು ಅವಳೇ ಹರಿದುಕೊಂಡು
ಎಲೆಅಡಿಕೆ ಚೀಲಕ್ಕೆ ಸೇರಿಸಿದಳು,
"ಮುಂದಿನ್ ಪೌರ್ಣಮಿಗೆ ತರ್ತೀನಿ."

ಹದಿನೇಳನೇ ನಂಬರಿನ ರಸೀದಿ ಎಲ್ಲಿ ಹೋಯಿತೆಂದು
ಚಿಕ್ಕಬಳ್ಳಾಪುರದ ಕಚೇರಿಗೆ
ನಾನಿನ್ನೂ ಬರೆದು ಕೊಟ್ಟಿಲ್ಲ.