ಅರ್ಧ ಬಟ್ಟಲು

ಹಿಮ ಕರಗಿದ ಮೂರನೆಯ ರಾತ್ರಿ
ಕಾರಾಸೂ ಹೊಳೆ ಸೇತುವೆಯನ್ನು ಎತ್ತಿಕೊಂಡು ಹೋಯಿತು,
ಜೊತೆಗೆ ಯಾರದೋ ಒಂದು ಕರು.
ಆಚೆ ದಡದಲ್ಲಿ ಹುಲ್ಲು ಹಸಿರಾಗುತ್ತಿತ್ತು.
ಈಚೆ ದಡದಲ್ಲಿ ಕುರಿಗಳು ನಿಂತು ಅದನ್ನು ನೋಡುತ್ತಿದ್ದವು.

ಕಿರ್ಗಿಜ್ ಬೆಟ್ಟಗಳ ಆ ಊರಲ್ಲಿ ಮನೆ ನಲವತ್ತಾರು,
ಅಭಿಪ್ರಾಯ ಅದಕ್ಕಿಂತ ಒಂದೆರಡು ಹೆಚ್ಚು.
ನಾನು ಅಲ್ಲಿ ಯಾಕಿದ್ದೆ ಎಂಬುದು ಬೇರೆ ಕಥೆ.
ಅವರ ಭಾಷೆ ನನಗೆ ಅರ್ಧ ಬರುತ್ತಿತ್ತು,
ಬೈಗುಳ ಪೂರ್ತಿ ಅರ್ಥವಾಗುತ್ತಿತ್ತು.

ಮೊದಲ ಬಟ್ಟಲು ಕೈಗೆ ಬಂದಾಗ ಒಳಗೇ ಕುಟುಕಿತು:
ತಳ ಮುಚ್ಚಿ ಸ್ವಲ್ಪ ಮೇಲೆ, ಅಷ್ಟೇ ಚಹಾ.
ನಮ್ಮ ಕಡೆ ಹೀಗೆ ಕೊಟ್ಟರೆ ಜಿಪುಣರ ಮನೆ ಅಂತೇವೆ.
ಬೂಬೂಸಾರಾ ಅಜ್ಜಿ ನನ್ನ ಮುಖ ನೋಡಿ ನಕ್ಕಳು:
"ಅರ್ಧ ಅಂದರೆ ಮತ್ತೆ ಕೈ ಚಾಚು, ಇನ್ನೂ ಕೂತಿರು ಅಂತ.
ಅಂಚು ಮುಟ್ಟ ತುಂಬಿದರೆ,
ಕುಡಿದು ಎದ್ದು ಹೋಗು ಅಂತ."
ತುಂಬಿದ ಕೊಡ ತುಳುಕುವುದಿಲ್ಲ ಎಂದು ಕಲಿತು ಬಂದವಳು ನಾನು.
ತುಂಬಿದ ಬಟ್ಟಲು ಅಲ್ಲಿ ಬಾಗಿಲು ತೋರಿಸುತ್ತದೆ.

ತೊಕ್ತೊಸುನ್ ಹೇಳಿದ: ಸೇತುವೆ ಮೊದಲಿನ ಜಾಗದಲ್ಲೇ,
ಬಂಡೆಗಳ ನಡುವೆ. ಹೊಳೆ ಅಲ್ಲಿ ಕಿರಿದು, ಮೂರು ದಿಮ್ಮಿ ಸಾಕು.
ಎಲ್ದಿಯಾರ್ ಹೇಳಿದ: ಕಿರಿದಾದಲ್ಲೇ ಹೊಳೆಗೆ ಸಿಟ್ಟು ಜಾಸ್ತಿ,
ಕೆಳಗೆ ಕಟ್ಟೋಣ, ಅದು ಅಗಲವಾಗಿ ಮಲಗುವಲ್ಲಿ.
ಇಷ್ಟರವರೆಗೆ ಮಾತು ಹೊಳೆಯದ್ದು.

ಆಮೇಲೆ ಮಾತು ದಡ ಬಿಟ್ಟಿತು.
ಯಾರ ಕುದುರೆ ಯಾರ ಹುಲ್ಲು ಮೇಯಿತು,
ಯಾರ ಮದುವೆಗೆ ಯಾರು ಬರಲಿಲ್ಲ,
ಹನ್ನೊಂದು ವರ್ಷದ ಹಿಂದೆ ಎರವಲು ಹೋಗಿ
ಹಲ್ಲು ಮುರಿದುಕೊಂಡು ಬಂದ ಒಂದು ಗರಗಸ,
ಎಲ್ಲವೂ ತೇಲಿ ಬಂದವು,
ಸೇತುವೆಯೊಂದು ಬಿಟ್ಟು.

ಎಲ್ದಿಯಾರ್ ಎದ್ದೇ ನಿಂತ.
"ನೀನು ಕಟ್ಟಿದ ಸೇತುವೆ ನಿನ್ನ ಹಾಗೇ,
ಹೆಸರು ದೊಡ್ಡದು, ಒಳಗೆ ಹುಳು" ಅಂದ.

ಸೈರಾಗುಲ್ ತಲೆ ಎತ್ತಲಿಲ್ಲ.
ಅವನ ಬಟ್ಟಲು ಎಳೆದುಕೊಂಡಳು, ಸುರಿದಳು,
ಸುರಿಯುತ್ತಲೇ ಇದ್ದಳು.
ಚಹಾ ಅಂಚಿಗೆ ಬಂದು, ಅಂಚಿನ ಮೇಲೆ ಉಬ್ಬಿ ನಿಂತಿತು.
ಮರ್ಯಾದೆಯಿಂದಲೇ, ಬಲಗೈಯಲ್ಲೇ, ಮುಂದಿಟ್ಟಳು.
ಹೆತ್ತ ತಾಯಿ ಅವಳು. ನನಗೆ ಆಮೇಲೆ ಗೊತ್ತಾಯಿತು.

ಹುಡುಗನ ಕಿವಿ ಕೆಂಪಾದವು.
ಹೋಗಲು ಬಾಗಿಲಿತ್ತು,
ಕೂರಲು ಜಾಗ ಇರಲಿಲ್ಲ.

ಆಗ ತೊಕ್ತೊಸುನ್ ಮುಂದಕ್ಕೆ ಬಾಗಿ
ಆ ಬಟ್ಟಲನ್ನು ತಾನೇ ಎತ್ತಿಕೊಂಡ.
ಒಂದು ಹನಿ ಗಡ್ಡಕ್ಕೆ, ಒಂದು ಕಂಬಳಿಗೆ.
ಅರ್ಧ ಕುಡಿದ. ಮೀಸೆ ಒರೆಸಿದ.
ಉಳಿದರ್ಧ ಹುಡುಗನ ಕಡೆ ಸರಿಸಿ,
"ಹುಳು ಇದ್ದದ್ದು ನಿಜ" ಅಂದ, "ಆಚೆ ದಡದ ಕಂಬದಲ್ಲಿ.
ಹೋದ ವರ್ಷವೇ ನೋಡಿದ್ದೆ. ಹೇಳಲಿಲ್ಲ.
ಕೂರು. ಕೆಳಗೆ ಕಟ್ಟಿದರೆ ದಿಮ್ಮಿ ಎಷ್ಟು ಬೇಕು?"

ದನಿ ಸಿಗಲು ಎಲ್ದಿಯಾರನಿಗೆ ಸ್ವಲ್ಪ ಹೊತ್ತು ಹಿಡಿಯಿತು.
"ಏಳು" ಅಂದ. "ನನ್ನ ಹತ್ತಿರ ಎರಡಿವೆ."
"ಗರಗಸ?" ಅಂತ ಮೂಲೆಯಿಂದ ಯಾರೋ.
ನಕ್ಕರು, ಎಲ್ಲರೂ ಅಲ್ಲ.

ಕೈ ಎಣಿಸಿದಾಗ ಕೆಳಗಿನ ಜಾಗ ಗೆದ್ದಿತು, ಮೂರು ಕೈಗಳಿಂದ.
ತೊಕ್ತೊಸುನ್ ಎತ್ತಿದ್ದು ಮೇಲಿನದಕ್ಕೇ,
ಎಣಿಕೆ ಮುಗಿದ ಮೇಲೂ ಇಳಿಸಲಿಲ್ಲ.
ಮರುದಿನ ಬೆಳಕು ಹರಿಯುವ ಮುಂಚೆ
ಕೆಳಗಿನ ಜಾಗಕ್ಕೆ ಮೊದಲ ದಿಮ್ಮಿ ಎಳೆದು ತಂದದ್ದು
ಅವನ ಕಂದು ಕುದುರೆ. ಹಿಂದೆ ಅವನು,
ದಾರಿಯುದ್ದಕ್ಕೂ ಗೊಣಗುತ್ತ: ತಪ್ಪು ಜಾಗ, ಇದು ತಪ್ಪು ಜಾಗ.
ಹಗ್ಗದ ಗಂಟನ್ನು ಮಾತ್ರ ಎರಡೆರಡು ಸಲ ಬಿಗಿದ.

ಹದಿನೇಳನೆಯ ದಿನ ನಾನು ಅದನ್ನು ದಾಟಿ ಬಂದೆ.
ಹಿಡಿದುಕೊಳ್ಳುವ ಕಂಬಿ ಎಡಕ್ಕೋ ಬಲಕ್ಕೋ
ಎಂಬ ಜಗಳ ಬೆನ್ನ ಹಿಂದೆ ಇನ್ನೂ ನಡೆದೇ ಇತ್ತು.
ನಡುನಡುವೆ ಬಟ್ಟಲಿಗೆ ಸುರಿಯುವ ಸದ್ದೂ ಇದ್ದಿರಬೇಕು,
ಅಷ್ಟು ದೂರಕ್ಕೆ, ಅಷ್ಟು ನೀರಿನ ಮೇಲೆ,
ಕೇಳಿಸಲಿಲ್ಲ.