ಅರ್ಧ ಕಿಲೋ ಮಣ್ಣು

ಬಬಲೇಶ್ವರದ ರೈತ ಸಂಪರ್ಕ ಕೇಂದ್ರದ ಹಲಗಿ ಮ್ಯಾಲ
ಸೋಮವಾರಕ್ಕೊಮ್ಮೆ ನಾನ ಬರೀತೀನಿ.
ಅಕ್ಷರ ಸೊಟ್ಟ ಅಂತಾರ ಸಾಹೇಬ್ರು.
ಓದವ್ರೂ ಕುತ್ತಿಗಿ ಸೊಟ್ಟ ಮಾಡೇ ಓದ್ತಾರ, ಅಡ್ಡಿಯಿಲ್ಲ.

ಈ ವಾರ:
ಮಂಗಳವಾರ ಮಣ್ಣು ಪರೀಕ್ಷಾ. ಮಣ್ಣು ನೀವ ತರಬೇಕು.
ಗುರುವಾರ ಜೇನು ಸಾಕೂದು. ಪೆಟ್ಟಿಗಿ ನಮ್ಮವು, ಧೈರ್ಯ ನಿಮ್ಮದು
ಅಂತ ಬರದಿದ್ದೆ, ಧೈರ್ಯ ಸಾಹೇಬ್ರು ಅಳಿಸಿದ್ರು.
ಶನಿವಾರ ದ್ರಾಕ್ಷಿ ಚಾಟ್ನಿ. ಕತ್ರಿ ಇದ್ದವ್ರು ಕತ್ರಿ ತರ್ರಿ.
ಚಾ ಅದ. ಊಟದ ಆದೇಶ ಇನ್ನೂ ಬಂದಿಲ್ಲ.

ಮಣ್ಣು ತರೂದಕ್ಕೂ ಒಂದು ರೀತಿ ಅದ.
ಬದುವಿನ ಹಂತ್ಯಾಕ ಬ್ಯಾಡ, ಗಿಡದ ನೆಳ್ಳಾಗ ಬ್ಯಾಡ,
ತಿಪ್ಪಿ ಇದ್ದಲ್ಲಿ, ದನಾ ಕಟ್ಟಿದಲ್ಲಿ ಬ್ಯಾಡ.
ಹೊಲದ ತುಂಬ ಅಡ್ಡಾತಿಡ್ಡಿ ನಡದು
ಒಂಬತ್ತು ಕಡೆ ಗೇಣುದ್ದ ತೆಗ್ಗು ತೋಡಿ
ಒಂದೊಂದು ಹಿಡಿ.
ಎಲ್ಲಾ ಚೀಲದ ಮ್ಯಾಲ ಹರವಿ, ಕಲಸಿ,
ರೊಟ್ಟಿ ಮುರದಂಗ ನಾಕು ಪಾಲು ಮಾಡಿ
ಎದುರುಬದುರಿನ ಎರಡು ಚೆಲ್ಲೂದು.
ಮತ್ತ ಕಲಸೂದು, ಮತ್ತ ನಾಕು, ಮತ್ತ ಎರಡು ಚೆಲ್ಲೂದು.
ಕಡೀಕ ಅರ್ಧ ಕಿಲೋ ಉಳೀಬೇಕು.
ಆರು ಎಕರೆ ಅರ್ಧ ಕಿಲೋದಾಗ ಕುಂದ್ರತದ.

ಬಂದವು ಚೀಲಾ.
ಗೊಲ್ಲಾಳಪ್ಪಗೌಡ ಸೀರಿ ಅಂಗಡಿ ಚೀಲದಾಗ ತಂದಿದ್ದ,
ಮ್ಯಾಲ ಮದಲಿಗಿತ್ತಿ ಚಿತ್ರ, ಒಳಗ ಎರಿ, ಕಾಡಿಗಿ ಕಪ್ಪು.
ಹಾಸಿಂಪೀರ ಹಾಲಿನ ಪಾಕೀಟು ತೊಳದು ಅದರಾಗ ಮಸಾರಿ.
ಸಾರವಾಡದವ್ರು ತಂದಿದ್ದು ಡೋಣಿ ದಂಡಿದು,
ನಾಲಿಗಿಗೆ ಹಚ್ಚಿದ್ರ ಸಾಕು, ಪರೀಕ್ಷಾ ಬ್ಯಾಡ.
"ಬೆಳದ ವರ್ಷ ಓಣಿ ತುಂಬ ಜೋಳ," ಅಂದ್ರು,
"ಉಳದ ವರ್ಷ ಉಪ್ಪಿನ ರೊಕ್ಕ ಉಳೀತದ."

ಎಲ್ಲಾರ ಹಿಂದ ಬಂದಾಕಿ ಭೌರವ್ವ.
ಹಳೇ ಕುಬಸದ ತೋಳಿನಾಗ ಕಟ್ಟಿದ ಗಂಟು.
"ಸರ್ವೆ ನಂಬರ ಎಷ್ಟವ್ವ?"
"ಯಾವ ಹೊಲದ್ದು ಹೇಳಲಿ?"
"ನಿಂದು."
"ನಂದಂದ್ರ ಇದ ನೋಡು, ಗಂಟು.
ಒಂಬತ್ತು ಕಡೆ ಅಂತ ಮಗಳು ಹಲಗಿ ಓದಿ ಹೇಳಿದ್ಲು,
ತಗದೀನಿ.
ಗೌಡ್ರ ಹೊಲದಾಗ ಕಸಾ ತಗದ ಸಾಲಿಂದು ಒಂದು ಹಿಡಿ,
ಹಾಸಿಂಪೀರನ ಉಳ್ಳಾಗಡ್ಡಿ ಕಿತ್ತಲ್ಲಿ ಒಂದು,
ಡೋಣಿ ದಂಡಿಗೆ ಕುಸುಬಿ ಮುಳ್ಳು ನೆಟ್ಟಲ್ಲೇ ಒಂದು,
ಚಾಟ್ನಿ ಕಡ್ಡಿ ಹೊತ್ತ ತ್ವಾಟದ್ದು ಎರಡು,
ಕಡ್ಲಿ ಹೊಲದ್ದು, ತೊಗರಿ ಬಡದ ಕಣದ್ದು,
ಒಂದು ಯಾರದೋ, ಈಗ ಮಾರ್ಯಾರಂತ..."
ಬೆರಳು ಮಡಚ್ತಾ ಎಂಟಕ್ಕ ನಿಂತ್ಲು.
ಒಂಬತ್ತನೇದು ಹೇಳಲಿಲ್ಲ, ನಾ ಕೇಳಲಿಲ್ಲ.

ಗೊಲ್ಲಾಳಪ್ಪ ನಕ್ಕ. ಆಮ್ಯಾಲ
ತನ್ನ ಚೀಲದ ಮದಲಿಗಿತ್ತಿ ಕಡೆ ನೋಡ್ಕೋತ ಕುಂತ.

"ಇದು ನಿಯಮದಾಗ ಬರೂದಿಲ್ಲ," ಅಂದ್ರು ಸಾಹೇಬ್ರು,
"ಮಷೀನಿಗೆ ಒಂದು ಹೊಲ, ಒಂದು ಮಣ್ಣು.
ಹಿಂಗ ಕಲಸಿದ್ರ ಗೊಬ್ಬರ ಯಾರಿಗೆ ಹೇಳೂದು?"
"ನನಗ ಹೇಳ್ರಿ. ಉಗ್ಗಾಕಿ ನಾನ ಅಲ್ಲನ?"

ಪಡಸಾಲ್ಯಾಗ ಕುಂತು ಗಂಟು ಬಿಚ್ಚಿದ್ಲು.
ಕರೀದು, ಕೆಂಪಂದು, ಬೂದಿ ಬಣ್ಣದ್ದು
ಬೆರಳಾಡಿಸಿದ್ರ ಬ್ಯಾರೇನ ಕಾಣ್ತಿದ್ವು, ಕಲಸಿದ್ರ ಇಲ್ಲ.
ನಾಕು ಪಾಲು ಮಾಡಿದ್ಲು. ಕೈ ನಿಂತಿತು.
"ಯಾವ ಎರಡು ಚೆಲ್ಲಲಿ?"

ಇಪ್ಪತ್ತೆರಡು ವರ್ಷ ಹಲಗಿ ಬರದಾವ ನಾ.
ಇದು ಕೈಪಿಡಿಯಾಗಿಲ್ಲ.

ಚೀಟಿ ಮಾತ್ರ ಬರದೆ.
ಸರ್ವೆ ನಂಬರು: ಗೆರಿ ಎಳದೆ.
ಹಿಂದಿನ ಬೆಳಿ: ಎಲ್ಲಾ.
ಮುಂದಿನ ಬೆಳಿ ಕೇಳೂದರಾಗ ಆಕೀನ ಕೇಳಿದ್ಲು,
"ಗುರುವಾರ ಏನದ?"
"ಜೇನು."
"ಹುಳಕ್ಕ ಉತಾರ ಬೇಕೇನು?"
"ಬ್ಯಾಡ."
"ಪೆಟ್ಟಿಗಿ ಇಡಾಕ ಜಾಗಾ?"
ಎರಡೂ ಕೈ ಅಗಲಿಸಿ ತೋರಿಸಿದೆ, ಇಷ್ಟು.
ನನ್ನ ಕೈ ನಡುವಿನ ಆ ಜಾಗಾನ
ಮ್ಯಾಲಿಂದ ಕೆಳಗ, ಈ ಕಡಿಂದ ಆ ಕಡೆ ನೋಡಿದ್ಲು,
ಕೊಳ್ಳಾಕ ಬಂದವ್ರು ಹೊಲಾ ನೋಡಿದಂಗ.