ಮೇಡಂ ಮೀಟಿಂಗಲ್ಲಿದ್ದಾರೆ

ಶಿಡ್ಲಘಟ್ಟದ ಈ ಗಲ್ಲಿಯಲ್ಲಿ
ಗೂಡು ಬೇಯುವ ವಾಸನೆಗೆ ಕಿಟಕಿ ಮುಚ್ಚಿ
ಬೀರುವಿನ ಮಗ್ಗುಲಿಗೆ ಮೇಜು ಎಳೆದು
ಬೋರ್ಡು ಬರೆಸಿದೆ:
ವಾರಿಜಾ ಅಸೋಸಿಯೇಟ್ಸ್, ತೆರಿಗೆ ಸಲಹೆಗಾರರು.
ಅಸೋಸಿಯೇಟ್ಸ್ ಅಂದರೆ ನಾನು,
ಮತ್ತೆ, ಹಾಲು ಉಕ್ಕಿದಾಗ ಕೂಗುವ ಅತ್ತೆ.

ಫೋನು ಬಂದರೆ ಮೊದಲು ಸುಗುಣ ಎತ್ತುತ್ತಾಳೆ.
ದನಿ ತುಸು ಸಣ್ಣ, ತುಸು ದಣಿದದ್ದು.
"ಮೇಡಂ ಮೀಟಿಂಗಲ್ಲಿದ್ದಾರೆ, ಒಂದ್ನಿಮಿಷ."
ಆ ನಿಮಿಷದಲ್ಲಿ ಒಲೆ ಸಣ್ಣಗಾಗುತ್ತದೆ,
ಕೈಗಂಟಿದ ಮುದ್ದೆ ನೀರಿಗಿಳಿಯುತ್ತದೆ,
ಗಂಟಲು ಸರಿಮಾಡಿಕೊಂಡು
ನಾನು ಮೀಟಿಂಗಿನಿಂದ ಹೊರಬರುತ್ತೇನೆ.

ಮೂರು ವರ್ಷ. ಯಾರೂ ಕೇಳಲಿಲ್ಲ.

ನಿನ್ನೆ ರೀಲಿಂಗ್ ಯೂನಿಟ್ಟಿನ ಮುನೀರ್ ಸಾಹೇಬರು
ಹುಡುಗನ ಕೈಲಿ ಕಳಿಸಿದರು
ಎರಡು ಡಬ್ಬಿ ದಮ್ರೋಟು.
ದೊಡ್ಡದು ಮೇಡಂಗೆ.
ಚಿಕ್ಕದರ ಮೇಲೆ ಚೀಟಿ:
"ಸುಗುಣಮ್ಮನಿಗೆ.
ಪಾಪ, ಯಾವಾಗಲೂ ಸುಸ್ತಾದ ಹಾಗೆ ಮಾತಾಡ್ತಾಳೆ.
ಸಂಬಳ ಸ್ವಲ್ಪ ಜಾಸ್ತಿ ಮಾಡಿ ಮೇಡಂ."

ದೊಡ್ಡ ಡಬ್ಬಿ ಅತ್ತೆಯ ಮುಂದಿಟ್ಟೆ.
ಚಿಕ್ಕದನ್ನು ಬಚ್ಚಲ ಬಾಗಿಲ ಮರೆಗೆ ಒಯ್ದು
ನಿಂತೇ ತಿಂದೆ, ಒಂದು ಚೂರೂ ಉಳಿಸದೆ.
ಬೆರಳು ಸೆರಗಿಗೆ ಒರೆಸುವಷ್ಟರಲ್ಲಿ
ಫೋನು.

ಇವತ್ತು ಅವಳಿಗೆ ರಜೆ ಕೊಟ್ಟಿದ್ದೇನೆ.
ಹೊಡೆದುಕೊಂಡು ಹೊಡೆದುಕೊಂಡು
ಅದೇ ಸುಮ್ಮನಾಯಿತು.